ಇಳಿಸೋ ಲೆಕ್ಕ

ಮೊದಲ ನೋವು ಚಾದ ಕಪ್ಪಿನಾಗ ಬಂತು.
ಯಾದಗಿರಿ ಸ್ಟೇಷನ್ ರೋಡಿನ ಬೇವಿನ ಕೆಳಗ
ಏಳು ಕಿಲೋದ ಇಸ್ತ್ರಿಪೆಟ್ಟಿಗಿ
ಇಪ್ಪತ್ತೆರಡು ವರ್ಷ ಎತ್ತಿದ ಕೈ
ಅವತ್ತು ಅರ್ಧ ಕಪ್ಪು ಚಾ ಎತ್ತಲಿಲ್ಲ.
ಜಮಾದಾರರ ಖಾಕಿ ಪ್ಯಾಂಟಿನ ಮ್ಯಾಲ ಚೆಲ್ಲಿತು.
ಬೈಸಿಕೊಂಡಾಕಿ ನಾನು. ಕೈ ಸುಮ್ಮನಿತ್ತು.

ಮೊಣಕೈ ಹೊರಮಗ್ಗಲ ಒಂದು ಗಂಟು ಅದ ನೋಡ್ರಿ,
ಅದರ ಬುಡಕ್ಕ ಬೆರಳಿಟ್ಟರ ಜೀವ ಹೋಗ್ತದ.
ಹಸಿ ಸೀರಿ ಹಿಂಡಿದರ ಹೋಗ್ತದ,
ಚಿಲಕ ತಿರುವಿದರ ಹೋಗ್ತದ,
ರಾತ್ರಿ ಮಗ್ಗಲ ಬದಲಿಸಿದರ
ಹೋದದ್ದು ತಿರುಗಿ ಬಂದು ಮತ್ತ ಹೋಗ್ತದ.

ಬಸ್ಸಮ್ಮ ಹರಳೆಣ್ಣಿ ತಂದಳು.
ಆಕಿ ಮೈದುನ ನೀವಿದ, ಎರಡು ದಿನ ಕೈ ಬಾತಿತು.
ಉಪ್ಪಿನ ಗಂಟಿನ ಶಾಖ ಕೊಡು ಅಂದರು ಯಾರೋ.
ಹಗಲೆಲ್ಲಾ ಕೆಂಡದ ಮಗ್ಗಲಾಗ ನಿಲ್ಲಾಕಿಗೆ
ಶಾಖ!

ದೊಡ್ಡ ದವಾಖಾನ್ಯಾಗ ಚೀಟಿ ಮ್ಯಾಲ ಬರೆದರು: ಟೆನ್ನಿಸ್ ಎಲ್ಬೋ.
ಟೆನ್ನಿಸ್ ಬಾಲು ನಾನೂ ನೋಡೀನಿ,
ಓಣಿ ಹುಡುಗರು ಹೊಡೆದದ್ದು ಒಮ್ಮೆ ನನ್ನ ಗಂಜಿ ಬಕೆಟಿನಾಗ ಬಿದ್ದಿತ್ತು.
ಅಷ್ಟೇ ಅದರದು ನಂದು ಸಂಬಂಧ.

ವ್ಯಾಯಾಮ ಹೇಳಿಕೊಡೋ ತಸ್ನೀಮ್ ಮೇಡಂ
ಕೈ ಹಿಡಿದು ಅಂದಳು: ಎಲುಬು ನೆಟ್ಟಗದ ಸಾಬಮ್ಮ.
ಎಲುಬಿಗೆ ಕಟ್ಟಿದ ಹಗ್ಗ ಸವೆದದ.
ಅದು ತನ್ನ ಎಳೆ ತಾನೇ ನೇಯ್ಕೋತದ,
ಖರೇ, ಅವಸರ ಮಾಡಬ್ಯಾಡ.
ಸೂಜಿ ಹಾಕ್ಸಲೇನ್ರಿ? ಅಂದೆ.
ಈಗ ಹಗುರ ಆಗ್ತದ, ಮುಂದ ಮತ್ತ ಬರ್ತೀ, ಅಂದಳು.

ಮೊಣಕೈ ಕೆಳಗ ಎರಡು ಬೆರಳು ಬಿಟ್ಟು ಒಂದು ಪಟ್ಟಿ.
ಮತ್ತ, ಅರ್ಧ ಲೀಟರಿನ ನೀರಿನ ಬಾಟಲಿ.
ಮಂಚದ ಅಂಚಿಗೆ ಮುಂಗೈ ಊರಿ
ಎಡಗೈ ನೆರವಿನಿಂದ ಎತ್ತು.
ಇಳಿಸೋದು ಬಲಗೈ ಒಂದೇ.
ಐದು ಎಣಿಸೋತನಕ.

ಎತ್ತೋದು ನನಗ ಯಾರೂ ಕಲಿಸಿರಲಿಲ್ಲ, ಬಂತು.
ಇಳಿಸೋದೋ?
ಇಷ್ಟು ವರ್ಷ ಎತ್ತಿದ್ದು ನಾನು,
ಇಳಿದದ್ದು ಪೆಟ್ಟಿಗಿ, ತನ್ನ ಭಾರಕ್ಕ ತಾನು.
ಧಡ್ ಅಂದಾಗೊಮ್ಮೆ ಮೇಜಿನ ಕೆಳಗ ಮಲಗಿದ ನಾಯಿ
ಕಿವಿ ನಿಗರಿಸಿ ಏಳ್ತಿತ್ತು.

ಮಾರೆಪ್ಪ ನಿಂತ ಮೇಜಿಗೆ.
ಒಂದೇ ಪ್ಯಾಂಟಿಗೆ ಎರಡು ಗೆರಿ ಬಿಡಿಸಿದ,
ಗುತ್ತೇದಾರರ ಅಂಗಿ ಬೆನ್ನಿಗೆ ಹುರಿಗಡಲಿ ಬಣ್ಣದ ತ್ರಿಕೋನ.
ಅರ್ಧ ಗಿರಾಕಿ ಗಂಜ್ ಕಡಿ ಲಾಂಡ್ರಿಗೆ ಹೋದರು.
ನಾನು ಮಂಚದ ಮ್ಯಾಲ ಕುಂತು
ನೀರು ಇಳಿಸ್ತಿದ್ದೆ.

ಒಂದು ತಿಂಗಳಿಗೆ ಏನೂ ಇಲ್ಲ.
ಎರಡಕ್ಕ, ಚಿಲಕ.
ಮೂರನೇದರಾಗ ದವಾಖಾನಿಗೆ ಹೋದಾಗ ನೋಡಿದೆ:
ಮೇಡಂ ಬಿಳಿ ಕೋಟು, ಹಿಂಡಿ ಮರೆತ ಅರಿವಿ ಹಂಗ ಮುದುರಿತ್ತು.
ಏನ್ರಿ ಇದು?
ನಿನ್ನ ಗಂಡನ ಕೈಗೆ ಕೊಡೋ ಧೈರ್ಯ ಇಲ್ಲವಾ, ಅಂದಳು.

ನೋವು ಹೋಯ್ತೇನು ಅಂತ ಕೇಳ್ತಾರ.
ಹೋಗಿಲ್ಲ. ಹಸಿ ಕಂಬಳಿ ಹಿಂಡಿದ ದಿನ
ಇನ್ನೂ ಹೆಸರು ಹಿಡಿದು ಕರೀತದ.
ಮೇಜು ನಾಲ್ಕು ಬೆರಳು ತಗ್ಗಿಸೀವಿ,
ಪೆಟ್ಟಿಗಿ ಹಗುರಂದು ತಂದೀವಿ, ಕಂತಿನ ಮ್ಯಾಲ.

ಸೋಮವಾರ ಕೋಟು ಬಂತು.
ಕಾಲರು, ತೋಳು, ಜೇಬಿನ ಬಾಯಿ.
ಆಮ್ಯಾಲ ಪೆಟ್ಟಿಗಿ ಇಳಿಸಿದೆ,
ಒಂದು, ಎರಡು, ಮೂರು, ನಾಲ್ಕು…
ಮಾರೆಪ್ಪ ತಿರುಗಿ ನೋಡಿದ.
ನಾಯಿ ಏಳಲಿಲ್ಲ.