ತೇಲುವ ದಾರ

ಗಾಂಧಿ ಬಜಾರಿನ ಒಳಗಲ್ಲಿ. ಪಾತ್ರೆ ಅಂಗಡಿಗೂ
ಬೀಗ ರಿಪೇರಿಗೂ ನಡುವೆ ಒಂದು ಮಾರು ಅಗಲದಲ್ಲಿ
ಅಲ್ಫೋನ್ಸ್ ಮಾಮನ ಗಾಳದ ಅಂಗಡಿ.
"ಯಜಮಾನರಿಗಾ ಅಮ್ಮಾ?"
"ನನಗೆ."
ಕನ್ನಡಕ ಮೂಗಿನ ತುದಿಗಿಳಿಸಿ ನೋಡಿದ.
ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು,
ತೆಗೆದಿಡಲು ಮರೆತು ಬಂದಿದ್ದೆ.

"ಏನು ಮೀನು?"
ಅವುಲು. ಗಾಜನೂರಿನ ಹಿನ್ನೀರಲ್ಲಿ
ತಾವರೆ ಎಲೆ ಸರಿಸಿ ಮೂತಿ ಎತ್ತಿ
ಗಾಳಿ ಗುಟುಕರಿಸಿ ಹೋಗುತ್ತಲ್ಲ, ಅದು.
ಎರೆಹುಳಕ್ಕೆ ತಿರುಗಿಯೂ ನೋಡಲಿಲ್ಲ.
ಮೂರು ಭಾನುವಾರ, ಬರಿಗೈ.

ಮಾಮ ಗಾಜಿನ ಮೇಲೆ ಕಪ್ಪೆ ಇಟ್ಟ.
ರಬ್ಬರಿನದು, ಟೊಳ್ಳು ಹೊಟ್ಟೆ,
ಬೆನ್ನಿಗೆ ಒತ್ತಿ ಮಲಗಿದ ಜೋಡಿ ಕೊಕ್ಕೆ,
ಹಿಂಗಾಲಿಗೆ ಕುಚ್ಚು. ಕುಚ್ಚು ಕಟ್ಟಿದವರ ಕೈ
ಅಷ್ಟೇನೂ ಚುರುಕಿಲ್ಲ, ಒಂದು ಕಾಲು ಗಿಡ್ಡ.
"ಇದು ನೀರಿನ ಮೇಲೆ ನಡೆಯೋ ಸಾಮಾನು.
ಇದಕ್ಕೆ ಮುಳುಗೋ ದಾರ ಕಟ್ಟಿದರೆ
ಮೂಗು ಹಿಡಿದು ಕೆಳಗೆಳೆಯುತ್ತೆ."

ಕುಡಿಯುವ ಸ್ಟೀಲ್ ಲೋಟವನ್ನೇ ಮುಂದೆ ಎಳೆದ.
ಗಾಜಿನಂಥ ದಾರ, ದುಬಾರಿಯದು, ಗೇಣುದ್ದ ಹಾಕಿದ:
ಸದ್ದಿಲ್ಲದೆ ತಳಕ್ಕೆ ಹೋಯಿತು.
ನೈಲಾನ್ ಸುರುಳಿ ಸುತ್ತಿಕೊಂಡು ಮೇಲೇ ಉಳಿಯಿತು.
ಎಂಟೆಳೆ ಹೆಣೆದ ಹಸಿರು ದಾರ
ಒದ್ದೆಯಾಗಲೂ ಮನಸ್ಸಿಲ್ಲದಂತೆ ಮಲಗಿತು.

ಹಸಿರನ್ನು ಎತ್ತಿ ಬೆರಳ ನಡುವೆ ಹೊರಳಿಸಿದೆ.
ದಾರ ನನಗೆ ಗೊತ್ತು, ಮಾಮ.
ಇಪ್ಪತ್ತೆರಡು ವರ್ಷ ಹಲ್ಲಿನಲ್ಲಿ ಕಡಿದಿದ್ದೇನೆ.
ಎಳೆದೆ. ಕೂದಲಷ್ಟೂ ಜಗ್ಗಲಿಲ್ಲ.
"ಇದು ಹರಿಯಲ್ಲ," ಅಂದೆ, "ಹರಿಸುತ್ತೆ."
ಬಟ್ಟೆಗಿಂತ ದಾರ ಗಟ್ಟಿಯಾದರೆ
ಕಂಕುಳಲ್ಲಿ ಬಿಡುವುದು ಹೊಲಿಗೆಯಲ್ಲ, ಬಟ್ಟೆ.
ಮದುವೆ ಮನೆಯಲ್ಲಿ ಕೈ ಎತ್ತಿದ ಹೆಂಗಸಿನ ಶಾಪ
ನನ್ನ ತಲೆಗೇ ಬರುವುದು.

ಮಾಮ ನಕ್ಕ. ಅವನ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು.
"ಅದಕ್ಕೇ ಅಮ್ಮಾ ರಾಡು."
ಮೊದಲನೆಯದು ಬುಡದಿಂದ ಕೊನೆಯವರೆಗೆ ಬಿದಿರಗೋಟು.
ಎರಡನೆಯದು ಮೊಣಕೈಯವರೆಗೂ ಬಳುಕುತ್ತಿತ್ತು,
ಮೀನು ತಾವರೆ ಬೇರಿಗೆ ಸುತ್ತಿಕೊಂಡರೆ
ನಾನೇ ನೀರಿಗಿಳಿಯಬೇಕು.
ಮೂರನೆಯದು ಏಳಡಿ. ಬುಡ ಹಟಮಾರಿ,
ತುದಿ ಒಂದು ಮೊಳ ಮಾತ್ರ ಮೆದು.
ಅರ್ಧ ಇಂಚು ಒಳಗೆ ಮಡಚಿ ಬಿಡುತ್ತೇವಲ್ಲ,
ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಅಂತ,
ಹಾಗೆ.
ಅದನ್ನೇ ಕಟ್ಟಿಸಿಕೊಂಡೆ.
ಎರಡು ರವಿಕೆಯ ಮುಂಗಡ ಅಲ್ಲಿಗೆ ಖರ್ಚು.

"ಒಂದು ಮಾತು. ಅದು ಹೊಡೆದ ಕೂಡಲೇ ಎಳೀಬೇಡಿ.
ಒಂದು, ಎರಡು ಎಣಿಸಿ. ಕಪ್ಪೆ ಒಳಗೆ ಹೋಗಲಿ."
ಹೂಂ ಅಂದೆ.

ಭಾನುವಾರ. ಬಟ್ಟೆ ಥಾನಿನ ರಟ್ಟಿನ ಕೊಳವೆಯೊಳಗೆ ರಾಡು,
ಕಾಲ ಬಳಿ ಬುತ್ತಿ, ನನ್ನ ಹಳೇ ಎಕ್ಸೆಲ್ಲು.
ಹಿನ್ನೀರಿನ ಮೇಲೆ ಹಬೆ ಇನ್ನೂ ಎದ್ದಿರಲಿಲ್ಲ.
ಬೀಸಿದೆ. ಕಪ್ಪೆ ಎಲೆಯ ಮೇಲೆ ಬಿತ್ತು,
ಕುಳಿತಿತು, ಜಾರಿತು,
ಗಿಡ್ಡ ಕಾಲು ಉದ್ದ ಕಾಲು ಆಡಿಸುತ್ತ
ಎರಡು ಗೇಣು ನಡೆಯಿತು.

ಬುಳುಕ್.

ನೀರಿಗೆ ಒಂದು ಬಾಯಿ ಬಂದು ಹೋಯಿತು.
ಎಣಿಸುವುದೆಲ್ಲಿ? ದಾರ ಬಿಗಿದರೆ
ಎಳೆದೇ ಬಿಡುವ ಕೈ ಇದು.
ಕಪ್ಪೆ ಗಾಳಿಯಲ್ಲಿ ಹಾರಿ ಬಂದು
ನನ್ನ ಸೆರಗಿಗೇ ಕಚ್ಚಿಕೊಂಡಿತು.
ರೀಲಿನಲ್ಲಿ ಹಸಿರು ದಾರ ಗುಬ್ಬಿಗೂಡು.

ಆಚೆ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಹುಡುಗ
ನಗಬೇಕೋ ಬೇಡವೋ ಅಂತ ನಿಂತಿದ್ದ.
ನಗೋ ಮಾರಾಯ ಅಂದೆ.

ಬಂಡೆಯ ಮೇಲೆ ಕೂತು
ರವಿಕೆಯ ಅಂಚಿಗೆ ಸಿಕ್ಕಿಸಿದ್ದ ಸೂಜಿ ತೆಗೆದೆ,
ಒಂದೊಂದೇ ಸಿಕ್ಕಿನ ಕಣ್ಣಿಗೆ ತುದಿ ತೂರಿಸಿದೆ.
ಬೆನ್ನ ಹಿಂದೆ ಅದೇ ಜಾಗದಲ್ಲಿ
ಅವುಲು ಮತ್ತೆ ಮೇಲೆ ಬಂದು ಗಾಳಿ ಗುಟುಕರಿಸಿತು,
ಕೇಳಿಸಿತು.
ತಿರುಗಲಿಲ್ಲ.
ಸಿಕ್ಕಾದ ದಾರವನ್ನು ಎಳೆಯಬಾರದು.
ಒಂದು.