ಕೊಸರು

"ಎರಡೇ ವರ್ಷದ ಓದಾ? ಮುಂದೇನ್ ಮಾಡ್ತೀಯವ್ವಾ?"
ಮಂಡಕ್ಕಿ ಅಳೆಯುತ್ತಲೇ ಕೇಳುತ್ತಾಳೆ ಬೀಬಿಜಾನವ್ವ.
ಸೇರು ತುಂಬಿದ ಮೇಲೂ ಒಂದು ಹಿಡಿ ಕೊಸರು ಹಾಕುವ ಕೈ
ನನ್ನ ಓದಿಗೆ ಮಾತ್ರ ಕೊಸರು ಬೇಡುತ್ತದೆ.

ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡು. ಹುಡುಗಿಯರು ಮೂವರು.
ಸುಟ್ಟ ಮೋಟಾರಿಗೆ ತಂತಿ ಸುತ್ತಿ ಸುತ್ತಿ
ಊಟದ ಕೈಗೂ ವಾರ್ನಿಷ್ ವಾಸನೆ.

ಕೊನೆಯ ದಿನ ತಿಪ್ಪೇಶಪ್ಪ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು:
ಹರಿಹರದ ಕಾರ್ಖಾನೆ, ಒಂದು ವರ್ಷ ಅಪ್ರೆಂಟಿಸ್.
ದುರ್ಗದ ಗುಡ್ಡದ ಗಾಳಿಯಂತ್ರ, ಎತ್ತರಕ್ಕೆ ಹೆದರಬಾರದು.
ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೀಟು, ಫೀಸು ನೀವೇ ನೋಡಿಕೊಳ್ಳಿ.
ಲೈನ್‌ಮ್ಯಾನ್, ಕಂಬ ಹತ್ತಿ ತೋರಿಸಬೇಕು.
ಸ್ವಂತ ಅಂಗಡಿ, ಅನ್ನುವಷ್ಟರಲ್ಲಿ ಸೀಮೆಸುಣ್ಣ ಮುರಿಯಿತು.

ನಿನ್ನೆ ಸಂಜೆ ಅವ್ವನ ಭಟ್ಟಿಯ ಬ್ಲೋವರ್ ನಿಂತಿತು.
ದಾವಣಗೆರೆಯ ಅರ್ಧ ಖಾರ ಮಂಡಕ್ಕಿ
ಅರಳದೆ ಕೂತಿತ್ತು ಚೀಲದಲ್ಲಿ,
ಮರಳು ತಣ್ಣಗಾಗುತ್ತಿತ್ತು.
ಮುಚ್ಚಳ ಬಿಚ್ಚಿದೆ. ಕೆಪಾಸಿಟರ್ ಉಬ್ಬಿ
ಗದ್ದಕಟ್ಟಿನ ಕೂಸಿನ ಹಾಗಿತ್ತು.
ನಲವತ್ತು ನಿಮಿಷ.

ನೂರೈವತ್ತು ಅಂದಿದ್ದೆ. ಎಣಿಸಿದರೆ
ಇಪ್ಪತ್ತು ಹೆಚ್ಚಿಗೆ.
"ಕೊಸರು," ಅಂದಳು,
ಹೊಗೆ ಕಣ್ಣಿಗೆ ಬಿದ್ದವಳಂತೆ ಅತ್ತ ತಿರುಗಿ.

ಸೋಮವಾರ ಅರ್ಜಿಗೆ ಕೊನೆಯ ದಿನ.
ಲೈನ್‌ಮ್ಯಾನ್ ಅಂತಲೇ ಅಚ್ಚಾಗಿದೆ.
ಇರಲಿ, ಕಂಬಕ್ಕೇನು ಗೊತ್ತು.