ಅರ್ಥಿಂಗ್

ಗೋಡೆಯಿಂದ ಇಳಿಸಲು ಇಬ್ಬರು ಬೇಕಾಯಿತು.
ಹನ್ನೊಂದು ವರ್ಷದ ಹಿಂದೆ
ಈ ಗೀಸರನ್ನು ದಸ್ತಗೀರ್ ಒಬ್ಬನೇ
ಚೇಳೂರು ರಸ್ತೆಯ ಅಂಗಡಿಯಿಂದ
ಹೆಗಲ ಮೇಲೆ ಹೊತ್ತು ತಂದಿದ್ದ.

ತಳ ಬಿಚ್ಚಿ ಅಂಗಳದಲ್ಲಿ ಬೋರಲು ಹಾಕಿದರೆ
ದಡದಡ ಉದುರಿತು ಬಿಳಿ ಹೆಕ್ಕಳ.
"ಚಿಂತಾಮಣಿ ನೀರಕ್ಕ," ಅಂದ, "ಅರ್ಧ ಕಲ್ಲು."
ಸಾವಿರದ ಮುನ್ನೂರು ಅಡಿಯಿಂದ ಎದ್ದು ಬಂದದ್ದು
ನಮ್ಮ ಮೈಮೇಲೆ ಹರಿದು ಹೋಗುತ್ತ
ತನ್ನ ಬಂಡೆಯನ್ನು ಇಲ್ಲೇ ಬಿಟ್ಟಿತ್ತು,
ದಿನಕ್ಕೆ ಒಂದು ಚಿಟಿಕೆ.
ಕಾಯಿಲ್ ಕೈಗೆ ಬಂತು: ಸೀದ ಚಕ್ಕುಲಿ.

ಆಮೇಲೆ ಟೆಸ್ಟರ್ ಹಚ್ಚಿ ಸುಮ್ಮನಾದ.
"ಅಕ್ಕ, ಈ ಮನೆಗೆ ಅರ್ಥೇ ಇಲ್ಲವಲ್ಲ!"
ನಡುಮನೆಯಿಂದ ಅತ್ತೆ:
"ಬಂದ ವರ್ಷವೇ ಹೇಳಿದ್ದೆ ನಾನು,
ಯಾರು ಕೇಳಿದರು?"

ನಲ್ಲಿ ಜುಮ್ಮೆನ್ನುತ್ತಿದ್ದುದು ನಿಜ.
ಮರದ ಮಣೆ ಹತ್ತಿ ನಿಂತು
ಮಡಿಸಿದ ಟವೆಲ್ಲಿನಲ್ಲಿ ತಿರುಗಿಸುತ್ತಿದ್ದೆವು,
ಮುಂಗೋಪಿ ದೊಡ್ಡಪ್ಪನ ಹತ್ತಿರ
ಕೈಗಡ ಕೇಳುವ ಹಾಗೆ.

ಮಧ್ಯಾಹ್ನ ನುಗ್ಗೆಯ ಬುಡದಲ್ಲಿ ಗುಂಡಿ.
ಸರಳು, ಇದ್ದಿಲು, ಎರಡು ಸೇರು ಕಲ್ಲುಪ್ಪು.
ಹಸಿರು ತಂತಿ ಗೋಡೆ ಹತ್ತಿ
ಬಚ್ಚಲಿನೊಳಗೆ ನುಸುಳಿತು.
ಅತ್ತೆ ಬಗ್ಗಿ ನೋಡಿ, "ಅರಿಸಿನ ಕುಂಕುಮ ಬೇಡವೇನೋ?"
"ಇಟ್ಟರೆ ಇಡಿ ಅಮ್ಮ,
ವಾರಕ್ಕೊಂದು ಬಿಂದಿಗೆ ನೀರು ಮಾತ್ರ ಮರೀಬೇಡಿ."

ಹೊಸದಕ್ಕೆ ಕೆಂಪು ದೀಪ.
ನಲ್ಲಿ ಈಗ ಬರೀ ಲೋಹ, ಬಡಪಾಯಿ.
ಆದರೂ ಬೆಳಿಗ್ಗೆ ಟವೆಲು
ಕೈಯಲ್ಲಿ ತಾನೇ ಮಡಿಚಿಕೊಳ್ಳುತ್ತದೆ.

ಬಾಗಿಲಾಚೆ ಅತ್ತೆ ಕಾದು ನಿಂತು ಕೇಳುತ್ತಾರೆ:
"ಹೊಡೀತಾ?"
ಇಲ್ಲ ಅಂದರೆ
ಕೊಂಚ ಬೇಸರವಾದಂತೆ
ಬಿಂದಿಗೆ ಎತ್ತಿಕೊಂಡು ನುಗ್ಗೆಯ ಕಡೆ ಹೋಗುತ್ತಾರೆ,
ವಾರವಾಗುವುದಕ್ಕೆ ಇನ್ನೂ ನಾಲ್ಕು ದಿನ ಇದ್ದರೂ.